ಕಾವೇರಮ್ಮನ ಕೈಗೆ ಬಂದ ಹದಿನೇಳನೇ ವಾಚು

ಕೈಲಾಂಚದ ಜಯಕುಮಾರನಿಗೆ ವಾಚಿನ ಹುಚ್ಚು. ಬ್ಯಾಟರಿ ವಾಚು ಕಂಡರೆ ಮೂಗು ಮುರಿಯುತ್ತಾನೆ. ಕೀ ಕೊಟ್ಟರೆ ಓಡುವ, ಪರದೇಶದಲ್ಲಿ ಕೈಯಿಂದ ಜೋಡಿಸಿದ, ಇಷ್ಟೇ ಅಂತ ಎಣಿಸಿ ಮಾಡಿದ ವಾಚುಗಳೇ ಬೇಕು. ಅಂಥವು ಆರು ಅವನ ಬೀರುವಿನಲ್ಲಿದ್ದವು. ಏಳನೆಯದಕ್ಕೆ ಮೂರು ವರ್ಷ ಕಾದ. ಲೋಕಕ್ಕೆಲ್ಲ ಐವತ್ತೇ ಮಾಡಿದ ವಾಚು, ಇವನದು ಹದಿನೇಳನೆಯದು. ವಾಚಿನ ಬೆನ್ನಿನ ಉಕ್ಕಿನ ಮೇಲೆ ಆ ಅಂಕಿಯನ್ನು ಸಣ್ಣಗೆ ಕೆತ್ತಿದ್ದರು. ಅದಕ್ಕಾಗಿ ಅವನ ತಾಯಿ ಕಾವೇರಮ್ಮ ಬೈರಾಪಟ್ಟಣದಲ್ಲಿದ್ದ ತವರಿನ ಪಾಲು ಮಾರಿ ಕೊಟ್ಟಳು. ಯಾಕೆ ಅಂತ ಕೇಳಲಿಲ್ಲ. ಕೇಳುವ ಜಾಯಮಾನ ಆಕೆಯದಲ್ಲ, ಅದೇ ನನಗೆ ಸಿಟ್ಟು.

ನಾನು ಎದುರುಮನೆಯವಳು, ಎಲ್ಲ ಕಂಡವಳು. ಹೆಂಡತಿ ರಮ್ಯಾಳನ್ನೂ ನಂಬದ ಜಯಕುಮಾರ್ ಬೀರುವಿನ ಕೀ ಮಾತ್ರ ಅವ್ವನ ಸೊಂಟದಲ್ಲಿ ಬಿಟ್ಟಿದ್ದ. ಗಂಡ ತೀರಿಹೋಗಿ ಇಪ್ಪತ್ತು ವರ್ಷವಾದ ಆಕೆಗೆ ಉಳಿದ ಹೆಮ್ಮೆ ಅದೊಂದೇ. ಡೇರಿಗೆ ಹಾಲು ಹಾಕಲು ಬಂದರೂ ಕೀಗೊಂಚಲು ಕಾಣುವ ಹಾಗೆ ಸೆರಗು ಸಿಕ್ಕಿಸುತ್ತಿದ್ದಳು.

ಬೆಂಗಳೂರಿನಲ್ಲಿ ಇಂಥ ವಾಚಿನವರ ಕೂಟವೊಂದಿದೆ. ಅದಕ್ಕೆ ಸೇರುವುದೇ ಜಯಕುಮಾರನ ಆಸೆ. ಅಂತೂ ಕರೆ ಬಂತು. ಎಲ್ಲರೂ ತಂತಮ್ಮ ವಾಚು ಒಂದೇ ಮೇಜಿನ ಮೇಲಿಡುತ್ತಾರೆ, ನೋಡಿ ಸೇರಿಸಿಕೊಳ್ಳುತ್ತಾರೆ ಅಂತ ಅವನು ಊಟಕ್ಕೆ ಕೂತಾಗ ಹೇಳಿದ.

"ಎಲ್ಲಾರ್ದೂ ಒಂದೇ ಮೇಜಿನ್ ಮ್ಯಾಲಾ?" ಅಂದಳು ಕಾವೇರಮ್ಮ.

ನಮ್ಮ ಕಡೆ ಮದುವೆಮನೆಗೆ ಕೊಟ್ಟ ಕೊಳಗ ವಾಪಸ್ ಬರಬೇಕಾದರೆ ಅದರ ಮೇಲೆ ಹೆಸರಿರಬೇಕು. ಆಕೆಯ ಮನೆಯಲ್ಲಿ ಹೆಸರಿಲ್ಲದ ಲೋಟವೂ ಇರಲಿಲ್ಲ. ಮಾರನೆಯ ದಿನ ಮಗ ಕೆಲಸಕ್ಕೆ ಹೋದ ಮೇಲೆ ಬೀರು ತೆಗೆದು ಆ ಹೊಸ ವಾಚನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ರಾಮನಗರದ ಬಸ್ಸು ಹತ್ತಿದಳು. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವ ರಸೂಲ್ ಅನುಮಾನಿಸಿದ.

"ಮಗನ್ನ ಒಂದ್ ಮಾತು ಕೇಳಿದ್ರಾ ಅಮ್ಮಾ?"

"ನಾನ್ ಹೆತ್ತೋನ್ನ ನಾನೇನಪ್ಪ ಕೇಳಾದು? ಅದ್ಲುಬದ್ಲಾಗ್ಬುಟ್ರೆ ಯಾರ್ ಕೊಡ್ತಾರೆ? ಒಸಿ ದೊಡ್ಡದಾಗೇ ಹಾಕು."

ರಸೂಲ್ ಮಿಷನ್ ಹಿಡಿದು ಆ ಸಣ್ಣ ಅಂಕಿಯ ಮೇಲೆಯೇ ಕೊರೆದ: ಬಿ. ಜಯಕುಮಾರ್, ಕೈಲಾಂಚ. ಕಾವೇರಮ್ಮ ವಾಚನ್ನು ತಂದು ಅದರ ಪೆಟ್ಟಿಗೆಯಲ್ಲಿ ಮೊದಲಿನ ಹಾಗೇ ಇಟ್ಟಳು. ವಾಚಿನ ಬೆನ್ನು ಪೆಟ್ಟಿಗೆಯೊಳಗಿನ ಪುಟ್ಟ ದಿಂಬಿಗೆ ಒರಗಿದ್ದರಿಂದ ಹೆಸರು ಮಗನಿಗೆ ಕಾಣಲಿಲ್ಲ.

ಕಂಡದ್ದು ಬೆಂಗಳೂರಿನ ಮೇಜಿನ ಮೇಲೆ. ಕೂಟದ ಹಿರಿಯರೊಬ್ಬರು ವಾಚನ್ನು ತಿರುಗಿಸಿ, ಅಕ್ಷರಗಳನ್ನು ಗಟ್ಟಿಯಾಗಿ ಓದಿ, "ಇದರ ಜೊತೆ ತಟ್ಟೆ, ಚಂಬೂ ಇದೆಯಾ?" ಅಂದರಂತೆ. ಎಲ್ಲರೂ ನಕ್ಕರಂತೆ. ಆಮೇಲೆ ಇವನನ್ನು ಯಾರೂ ಕರೆಯಲಿಲ್ಲ.

ಜಯಕುಮಾರ್ ಮನೆಗೆ ಬಂದು ಕೂಗಾಡಲಿಲ್ಲ. ಅವ್ವನ ಸೊಂಟದಿಂದ ಕೀಗೊಂಚಲು ಬಿಡಿಸಿಕೊಂಡ. ವಾಚನ್ನು ಆಕೆಯ ಕೈಗೆ ಕಟ್ಟಿದ.

"ನೀನೇ ಕಟ್ಕೊ. ಸಾಯೋಗಂಟ ಬಿಚ್ಚಕೂಡ್ದು. ದಿನಾ ಕೀ ಕೊಡ್ಬೇಕು, ನಿಂತೋದ್ರೆ ನಾನ್ ಸುಮ್ನಿರಾಕಿಲ್ಲ."

ಕಾವೇರಮ್ಮ ಆ ಗಂಡಸರ ವಾಚು ಕಟ್ಟಿಕೊಂಡೇ ಸಗಣಿ ಬಾಚಿದಳು, ಹಾಲು ಕರೆದಳು. ವಾಚಿನ ಕೆಳಗೆ ಚರ್ಮ ಸುಲಿದು ಹುಣ್ಣಾಯಿತು. ರಮ್ಯಾ ಬಿಚ್ಚಲು ಹೋಗಿ ಗಂಡನಿಂದ ಏಟು ತಿಂದಳು. ಮನೆಗೆ ಯಾರು ಬಂದರೂ ಅವನು, "ಕೈ ತೋರ್ಸವ್ವ. ನಮ್ಮವ್ವನ ಬುದ್ಧಿವಂತಿಕೆ ನೋಡ್ಲಿ," ಅನ್ನುತ್ತಿದ್ದ. ಆಗ ಮಾತ್ರ ಆಕೆ ವಾಚು ಬಿಚ್ಚಿ ಅದರ ಬೆನ್ನು ತೋರಿಸಿ ಮತ್ತೆ ಕಟ್ಟಿಕೊಳ್ಳಬೇಕು. ಒಮ್ಮೆ ನಾನೂ ಓದಿ ನಕ್ಕೆ. ನನ್ನ ಬಾಯಿಗೆ ಮಣ್ಣು ಹಾಕ.

ಹೋದ ವೈಶಾಖದಲ್ಲಿ ದೊಡ್ಡಆಲಹಳ್ಳಿಯಲ್ಲಿ ನೆಂಟರ ಮದುವೆ. ಅಲ್ಲೂ ಜಯಕುಮಾರ್ ಜನರ ನಡುವೆ ಅವ್ವನಿಗೆ ಕೈ ತೋರಿಸು ಅಂದ. ಮದುವೆಹೆಣ್ಣಿನ ಸೋದರತ್ತೆ ಮುನಿರತ್ನಮ್ಮನಿಗೆ ಹಿಂದಿನದೇನೂ ಗೊತ್ತಿಲ್ಲ. ಓದಿದವಳೇ ಕೆನ್ನೆಗೆ ಕೈಯಿಟ್ಟುಕೊಂಡಳು.

"ಇಷ್ಟು ದುಡ್ಡಿನ್ ವಾಚು ತನ್ನೆಸ್ರು ಹಾಕ್ಸಿ ಅವ್ವನ್ ಕೈಗೆ ಕಟ್ಟವ್ನಲ್ಲ. ಇಂಥ ಮಗ ಯಾರ್ಗವ್ನೆ ಹೇಳಿ?"

ಹೆಂಗಸರೆಲ್ಲ ಅವನನ್ನೇ ನೋಡಿದರು. ಜಯಕುಮಾರನ ಮುಖ ಅರಳಿತು. ಅವನನ್ನು ಯಾರಾದರೂ ಹಾಗೆ ನೋಡಿ ಎಷ್ಟೋ ದಿನವಾಗಿತ್ತು.

"ಹೂಂ, ನಾನೇ ಹಾಕ್ಸಿದ್ದು," ಅಂದ.

ಮಗನ ಮನಸ್ಸು ಕರಗಿತು ಅಂದುಕೊಂಡಳೋ ಏನೋ, ಕಾವೇರಮ್ಮ ಮೆಲ್ಲಗೆ ಕೇಳಿದಳು, "ಇನ್ನ ಕಟ್ಕಳದು ಬ್ಯಾಡ ಅಲ್ವಾ ಕುಮಾರ?"

ಅವನು ಎಲ್ಲರಿಗೂ ಕಾಣುವಂತೆ ಅವಳ ಕೈ ಹಿಡಿದು, ಹುಣ್ಣಿನ ಮೇಲೆ ವಾಚನ್ನು ತಾನೇ ಬಿಗಿದ.

"ಇರ್ಲಿ ಬುಡವ್ವ. ನಿನ್ ಕೈಗೇ ಚೆಂದ."