ಟರ್ಬೊಗೆ ಮೀನಿನ ಐಸ್ ನೀರು

ನನ್ನ ಡೀಸೆಲ್ ಟರ್ಬೊ ಕಾರಿಗೆ ಹದಿನೆಂಟು ತುಂಬಿದೆ. ಓಟು ಹಾಕುವ ವಯಸ್ಸಾದರೂ ಏರು ಕಂಡರೆ ಏದುಸಿರು ಬಿಡುತ್ತದೆ. ದಿನಾ ಬೆಳಿಗ್ಗೆ ಕಿರಿಮಂಜೇಶ್ವರದಿಂದ ಬ್ರಹ್ಮಾವರದ ಮಾರುಕಟ್ಟೆಗೆ ಅಮ್ಮನನ್ನೂ ಅವಳು ಮಾರುವ ಮೀನನ್ನೂ ಹೊತ್ತೊಯ್ಯುವುದು ಅದರ ಕೆಲಸ. ಮೊದಲು ಅಮ್ಮ ಬಸ್ಸಿನಲ್ಲಿ ಹೋಗುತ್ತಿದ್ದಳು. ಒಮ್ಮೆ ಕಂಡಕ್ಟರ್, ಬುಟ್ಟಿ ಸೋರುತ್ತದೆ, ವಾಸನೆ ಎಂದು ಎಲ್ಲರೆದುರು ಅವಳನ್ನು ಸೀಟಿನಿಂದ ಎಬ್ಬಿಸಿ ಹಿಂದಿನ ಬಾಗಿಲ ಬಳಿ ನಿಲ್ಲಿಸಿದ. ಇನ್ನು ಆ ಬಸ್ಸು ಹತ್ತುವುದಿಲ್ಲ ಎಂದಳು ಅಮ್ಮ. ನಾನು ಕಾರು ಕೊಂಡದ್ದೇ ಅದಕ್ಕೆ.

ಆದರೆ ಕುಂದಾಪುರದ ಫ್ಲೈಓವರ್ ಏರುವಾಗ ಅದೇ ಬಸ್ಸು ದಿನವೂ ನಮ್ಮನ್ನು ಹಿಂದೆ ಹಾಕುತ್ತಿತ್ತು. ಅಮ್ಮನಿಗೆ ಅದರ ಚಿಂತೆ ಇರಲಿಲ್ಲ. ಹೊಟ್ಟೆ ಉರಿದದ್ದು ನನಗೆ.

ನಾಲ್ಕು ವಿಡಿಯೊ ನೋಡಿ ಪಂಡಿತನಾದೆ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಂಪು ಮಾಡಿದರೆ ಬಲ ಹೆಚ್ಚು. ಗುಜರಿಯಿಂದ ಗಾಳಿ ತಂಪು ಮಾಡುವ ಜಾಲರಿ, ಇಂಟರ್‌ಕೂಲರ್ ತಂದು ಅಂಗಳದಲ್ಲೇ ರೇಡಿಯೇಟರಿನ ಮುಂದೆ ಕೂರಿಸಿದೆ. ಒತ್ತಡ ಏರಲೆಂದು, ಅದನ್ನು ಹತೋಟಿಯಲ್ಲಿಡುವ ಟರ್ಬೊದ ಸರಳನ್ನೂ ಎರಡು ಸುತ್ತು ಬಿಗಿದೆ. ಬೋಟು ಮೆಕ್ಯಾನಿಕ್ ಆದ ನನ್ನ ಭಾವ ಬಂದು ನೋಡಿ, ಇದರ ಮೇಲೆ ತಣ್ಣೀರು ಚಿಮುಕಿಸಿದರೆ ಇನ್ನೂ ಜೋರು ಎಂದ. ತಣ್ಣೀರು ಡಿಕ್ಕಿಯಲ್ಲೇ ಇತ್ತು, ಮೀನಿನ ಪೆಟ್ಟಿಗೆಯಲ್ಲಿ ಐಸ್ ಕರಗಿದ್ದು. ನನಗೆ ಅನುಮಾನವಾಯಿತು.

“ನೀರ್ ನೀರೇ ಮಾರಾಯ. ನಮ್ ಬೋಟಿನ್ ಇಂಜಿನ್ ಕಡ್ಲ್ ನೀರಗೇ ತಂಪಾತ್ತ್. ಅದ್ಕ್ ಎಂತ ಜ್ವರ ಬತ್ತಾ?” ಎಂದ ಭಾವ.

ಡಿಕ್ಕಿಯಿಂದ ಮುಂದಕ್ಕೆ ಪೈಪು ಎಳೆದು, ಗಾಜು ತೊಳೆಯುವ ಮೋಟಾರು ಜೋಡಿಸಿದೆವು. ಎರಡು ದಿನ ಕಾರು ಹಾರಿತು. ಬಸ್ಸನ್ನು ಹಿಂದೆ ಹಾಕಿ ಬೇಕೆಂದೇ ಹಾರ್ನ್ ಹೊಡೆದೆ. ಮೂವತ್ತು ವರ್ಷ ಮೀನು ಮಾರಿದ ಅಮ್ಮ ಎಸಿಯಿಂದ ಬರುವ ವಾಸನೆ ತಾಳದೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮೂರನೆಯ ದಿನ ಸಾಲಿಗ್ರಾಮದಲ್ಲಿ ಕಾರಿಗೆ ಭಾವ ಹೇಳಿದ ಜ್ವರ ಬಂತು. ಬಾನೆಟ್ ಎತ್ತಿದರೆ ಹಬೆ. ಇಂಟರ್‌ಕೂಲರಿನ ಸಂದುಗಳಲ್ಲೆಲ್ಲ ಬೂತಾಯಿ ಮೀನಿನ ಹುರುಪೆ ಮೆತ್ತಿಕೊಂಡು, ಹಿಂದಿದ್ದ ರೇಡಿಯೇಟರಿಗೂ ಗಾಳಿ ಹೋಗದೆ ಎಂಜಿನ್ ಬೆಂದಿತ್ತು. ಮೆಕ್ಯಾನಿಕ್ಕಿಗಿಂತ ಮೊದಲು ಎರಡು ಬೆಕ್ಕುಗಳು ಬಂದವು.

ಮೀನು ಕಾಯುವುದಿಲ್ಲ. ಅಮ್ಮ ಪೆಟ್ಟಿಗೆಯ ಮೀನನ್ನು ಬುಟ್ಟಿಗೆ ತುಂಬಿಕೊಂಡಳು. ಹಿಂದಿನಿಂದ ಬಂದದ್ದು ಅದೇ ಬಸ್ಸು. ಅಮ್ಮ ತಾನಾಗಿಯೇ ಕೈ ತೋರಿಸಿದಳು. ಇಳಿದು ಬಂದ ಅದೇ ಕಂಡಕ್ಟರ್ ನನ್ನ ಕಾರಿನ ಹತ್ತಿರ ಮೂಸಿ ನೋಡಿ, ಇದಕ್ಕಿಂತ ನಿಮ್ಮ ಬುಟ್ಟಿಯೇ ವಾಸಿ ಎಂದು ನಕ್ಕ.

“ಅದ್ ನನ್ ಮಗ ಕೈಯಾರೆ ಮಾಡಿದ್ದ್. ನೀ ಟಿಕೆಟ್ ಕೊಡ್, ಸಾಕ್,” ಎಂದಳು ಅಮ್ಮ.

ಆಮೇಲೆ ಬುಟ್ಟಿ ಹಿಡಿದು, ಯಾರೂ ಹೇಳದೆಯೇ ಹಿಂದಿನ ಬಾಗಿಲ ಬಳಿ ಹೋಗಿ ನಿಂತಳು. ನನಗೆ ಅಳು ಬಂತು. ಸಿಟ್ಟಿನಲ್ಲಿ ಇಂಟರ್‌ಕೂಲರಿಗೆ ಒದ್ದೆ, ನೋವಾದದ್ದು ಕಾಲಿಗೆ.

ಕಾರನ್ನು ಎಳೆಸಿಕೊಂಡು ಮನೆಗೆ ತಂದು, ಸಂಜೆಯೊಳಗೆ ಎಲ್ಲ ಕಿತ್ತೆ. ಸರಳು ಸಡಿಲಿಸಿದೆ. ರೇಡಿಯೇಟರಿಗೆ ಅಂಟಿದ ಹುರುಪೆಯನ್ನು ಭಾವನ ಟೂತ್‌ಬ್ರಷ್ಷಿನಿಂದಲೇ ಉಜ್ಜಿದೆ. ಎಂಜಿನ್ ಉಳಿದದ್ದು ಅಮ್ಮನ ಪುಣ್ಯ.

ಮರುದಿನ ಫ್ಲೈಓವರಿನ ಮೇಲೆ ಕಾರು ಎಂದಿನಂತೆ ಏದುಸಿರು ಬಿಟ್ಟಿತು. ಬಸ್ಸು ಹಾರ್ನ್ ಹೊಡೆಯುತ್ತ ಮುಂದೆ ಹೋಯಿತು. ನನ್ನ ಕಾಲು ಆಕ್ಸಿಲರೇಟರನ್ನು ಒತ್ತತೊಡಗಿದ್ದನ್ನು ಅಮ್ಮ ಕಂಡಳು.

“ಹೋಯ್ಲಿ ಬಿಡ್,” ಎಂದಳು. “ಇವತ್ ನಾನ್ ಅದ್ರೊಳ್ಗೆ ಇಲ್ಲ ಅಲ್ದಾ.”