ಗೋಡೆಯ ಮೇಲಿನ ಅವ್ವ-ಆಯಿ ಲೆಕ್ಕ

ಹೋದ ವಾರ ಭಾಲ್ಕಿಯ ಸಂತೆಯಲ್ಲಿ ಒಬ್ಬ ಹೆಂಗಸು ಹುಣಸೆಹಣ್ಣು ಕುಟ್ಟಿ ಬೀಜ ಬೇರೆ ಮಾಡುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ. ಮೊಮ್ಮಗಳು ಕೈ ಹಿಡಿದು ಎಳೆದಳು. ಅವಳಿಗೆ ಏನೆಂದು ಹೇಳಲಿ...

ಆಗ ನಾನು ಹೈದರಾಬಾದಿನಲ್ಲಿ ಗಣಿತದ ಬಿ.ಎ. ಮುಗಿಸಿ ಕಮಲನಗರದ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದಿದ್ದೆ. ಊರಿಗೆ ನಾನು ಸಣ್ಣ ಮಾಸ್ತರ. ಮೊದಲಿನಿಂದ ಇದ್ದವರು ದೊಡ್ಡ ಮಾಸ್ತರರು. ಅವರು ಎಲ್ಲಿಯವರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜಾತಿ ಕೇಳಿದವರಿಗೆ "ಸಾಲಿ ಜಾತಿರಿ" ಎಂದು ಶಾಲೆಯ ಕಡೆ ಕೈ ತೋರುತ್ತಿದ್ದರು.

ಅವರು ಕಲಿಸುವ ರೀತಿಯೇ ಬೇರೆ. ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ ಮಕ್ಕಳ ಕೈಗೆ ಕೊಡುವರು. ಅದನ್ನು ಮೇಲಕ್ಕೆ ಹಾರಿಸಿ, ಬೀಳುವ ಮೊದಲೇ ಕರಿಯೋ ಬಿಳಿಯೋ ಹೇಳಬೇಕು. ಬಿದ್ದದ್ದಕ್ಕೆಲ್ಲ ಗೋಡೆಯ ಮೇಲೆ ಕೆಂಪುಮಣ್ಣಿನ ಗೆರೆ. "ಒಂದು ಸಲದ ಬೀಜಕ್ಕ ನಂಬಬ್ಯಾಡ್ರಿ, ನೂರು ಸಲದ್ದು ಕೇಳ್ರಿ" ಎನ್ನುತ್ತಿದ್ದರು. ಮಕ್ಕಳು ಕುಣಿದಾಡುತ್ತಿದ್ದವು.

ನನಗೆ ಮಾತ್ರ ಅವರ ಮೇಲೆ ಅನುಮಾನ. ಪ್ರತಿ ಶನಿವಾರ ಬೀದರ ಬಸ್ಸು ಹಿಡಿಯುತ್ತಿದ್ದರು, ಯಾಕೆಂದು ಹೇಳುತ್ತಿರಲಿಲ್ಲ. ಅಂಗಿಯ ಒಳಗೊಂದು ಸಣ್ಣ ವಹಿ. ಅದರಲ್ಲಿ ಬರೆಯುವಾಗ ನಾನು ಹತ್ತಿರ ಹೋದರೆ ಮುಚ್ಚಿಬಿಡುತ್ತಿದ್ದರು.

ಅದು ಹೈದರಾಬಾದು ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಕಾಲ. ನಮ್ಮ ಹಳ್ಳಿ ಮಾತ್ರ ಮುಂಬಯಿ ಕಡೆ ಹೋಗುತ್ತದೆಂದು ಗುಲ್ಲಿತ್ತು. ಅಂಥದ್ದರಲ್ಲಿ ದೊಡ್ಡ ಮಾಸ್ತರರು ಮಕ್ಕಳಿಗೆ ಹೊಸ ಕೆಲಸ ಕೊಟ್ಟರು. ಮನೆಯಲ್ಲಿ ತಾಯಿಗೆ ಏನೆಂದು ಕರೆಯುತ್ತೀರಿ? ಅವ್ವ, ಆಯಿ, ಅಮ್ಮಿ, ಅಮ್ಮ ಎಂದು ಗೋಡೆಯ ಮೇಲೆ ನಾಲ್ಕು ಮನೆ ಕೊರೆದು, ಒಂದೊಂದು ಮಗುವಿಗೆ ಒಂದೊಂದು ಗೆರೆ ಎಳೆಸಿದರು. ಗೆರೆಗಳು ಕಂಬದಂತೆ ಮೇಲೆದ್ದವು.

ಸಂಜೆಯೊಳಗೆ ಊರೆಲ್ಲ ಅದೇ ಮಾತು. ಕನ್ನಡದ ಅವ್ವ ಹೆಚ್ಚಾದರೆ ಮೈಸೂರು, ಮರಾಠಿಯ ಆಯಿ ಹೆಚ್ಚಾದರೆ ಮುಂಬಯಿ. ಒಬ್ಬ ಮುದುಕಿ, "ನನ್ನ ಸೊಸಿ ನನಗ ಏನೂ ಅನ್ನೂದಿಲ್ಲ, ನನಗ ಎಲ್ಲಿಗಿ ಕಳಸ್ತಾರಂತ?" ಎಂದಾಗ ಎಲ್ಲರೂ ನಕ್ಕರು. ಅಮ್ಮಿ ಎನ್ನುವ ಮುಸಲ್ಮಾನರ ಮನೆಗಳಲ್ಲಿ ಯಾರೂ ನಗಲಿಲ್ಲ. ಎಂಟು ವರ್ಷದ ಹಿಂದೆ, ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ, ಪಟ್ಟಿ ಹಿಡಿದು ಬಾಗಿಲು ಬಡಿದವರನ್ನು ಅವರು ಮರೆತಿರಲಿಲ್ಲ. ಆ ಸಂಜೆಯೇ ನಾನು ಊರಿನ ಹಿರಿಯರಾದ ಪಾಟೀಲರ ಕಟ್ಟೆಗೆ ಹೋಗಿ ವಹಿಯ ಮಾತು ಹೇಳಿದೆ... ಯಾಕೆ ಹೇಳಿದೆನೋ.

ಮರುದಿನ ಬೆಳಿಗ್ಗೆ ಶಾಲೆಯ ಮುಂದೆ ಜನ. ಕೆಲವರ ಕೈಯಲ್ಲಿ ಬಡಿಗೆ. ಮಾಸ್ತರರ ಅಂಗಿಯಿಂದ ವಹಿ ಕಿತ್ತರು. ಉರ್ದು ಬರಹ. ಓದೆಂದು ನನ್ನ ಕೈಗೆ ಕೊಟ್ಟರು. ಸಫೇದ್, ಕಾಲಾ, ಕಾಲಾ, ಸಫೇದ್... ಪುಟಪುಟವೂ ಅಷ್ಟೇ.

"ಗುಟ್ಟಿನ ಬರಹ ಅದ ಇದು" ಎಂದನೊಬ್ಬ. "ಬರೇ ಕರಿ-ಬಿಳಿ ಅಂತ ಯಾವ ಶ್ಯಾಣ್ಯಾ ವಹಿ ತುಂಬಸ್ತಾನ?"

ಪಾಟೀಲರು ನನ್ನ ಕಡೆ ತಿರುಗಿದರು. "ಸಣ್ಣ ಮಾಸ್ತರ, ನೀವು ಕಾಲೇಜ್ ಕಲ್ತವರು. ಇದು ಸಾಲಿ ಲೆಕ್ಕನೋ, ಬ್ಯಾರೆ ಏನರ ಅದನೋ? ಖರೆ ಹೇಳ್ರಿ."

ಅದು ಬೀಜ ಬಿದ್ದ ಲೆಕ್ಕವೆಂದು ಮೊದಲ ಸಾಲಿಗೇ ನನಗೆ ಹೊಳೆದಿತ್ತು. ಮಕ್ಕಳಿಗೆ ಹೇಳುವ ಮೊದಲು ತಾವೇ ಸಾವಿರ ಸಲ ಬೀಜ ಹಾರಿಸಿ ನೋಡಿದ್ದರು. ಆದರೆ ಯಾಕೆಂದು ಹೇಳದೆ ಬೀದರಕ್ಕೆ ಹೋಗುತ್ತಿದ್ದ ಆ ಶನಿವಾರಗಳೂ ನೆನಪಾದವು.

"ನನಗ ಗೊತ್ತಿಲ್ಲರಿ" ಎಂದೆ.

ಮೊದಲ ಕಲ್ಲು ಯಾರು ಎಸೆದರೋ ಕಾಣಲಿಲ್ಲ. ಮಾಸ್ತರರ ಹಣೆ ಒಡೆಯಿತು. ಎರಡನೆಯ ಕಲ್ಲು ನನ್ನ ಕಿವಿಯ ಪಕ್ಕದಲ್ಲೇ ಹೋಯಿತು. ಪಾಟೀಲರು ನಡುವೆ ನಿಲ್ಲದಿದ್ದರೆ ಮಾಸ್ತರರು ಉಳಿಯುತ್ತಿರಲಿಲ್ಲ. ಬಂಡಿಯಲ್ಲಿ ಕೂರಿಸಿ ಸಂತಪುರದ ಬಸ್ಸಿಗೆ ಕಳಿಸಿದರು. ಬಂಡಿ ಹತ್ತುವಾಗ ಅವರು ನನ್ನ ಕಡೆ ನೋಡಿದರು, ಲೆಕ್ಕ ಬಂದರೂ ತಪ್ಪು ಹೇಳಿದ ಹುಡುಗನನ್ನು ನೋಡುವ ಹಾಗೆ.

ಮುಂದೆ ಹಳ್ಳಿ ಮೈಸೂರಿನಲ್ಲೇ ಉಳಿಯಿತು. ನಮ್ಮ ಗೋಡೆಯನ್ನು ಯಾವ ಸರಕಾರವೂ ಕೇಳಿರಲಿಲ್ಲ. ನಾನು ಬೀದರದಲ್ಲಿ ಎಷ್ಟೋ ಸಲ ಅವರನ್ನು ಹುಡುಕಿದೆ. ಸಿಗಲಿಲ್ಲ. ಶನಿವಾರ ಯಾರ ಮನೆಗೆ ಹೋಗುತ್ತಿದ್ದರೆಂಬುದೂ ತಿಳಿಯಲಿಲ್ಲ.

ಈಗ ಅವರು ಬದುಕಿರಲಾರರು. ಆ ಬೆಳಗು ಮಾತ್ರ ನನ್ನೊಳಗೆ ಮುಗಿದಿಲ್ಲ. ಪಾಟೀಲರು ಕೇಳುತ್ತಾರೆ, ಜನ ಸುಮ್ಮನಾಗುತ್ತಾರೆ, ನಾನು ಬಾಯಿ ತೆರೆಯುತ್ತೇನೆ... "ಮಕ್ಕಳಿಗಿ ಕಲಸಲಾಕ ಬರ್ದಾರ್ರಿ" ಎನ್ನಬೇಕು, ಅಷ್ಟೇ. ಅಷ್ಟರಲ್ಲಿ ಆ ಶನಿವಾರಗಳು ನೆನಪಾಗುತ್ತವೆ. ಮನಸ್ಸಿನೊಳಗೂ ಒಂದೇ ಒಂದು ಸಲ ನನಗೆ ಹಾಗೆ ಹೇಳಲು ಆಗಿಲ್ಲ.