ಎರಡನೆಯ ಬ್ರೇಕು

ಕಾರು ಓಡಿಸುವುದನ್ನು ಕಲಿಸುವುದೇ ಅವರ ಕಸುಬು. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ಸ್ಟೀರಿಂಗ್ ಹಿಡಿದದ್ದಕ್ಕಿಂತ, ಹಿಡಿದವರ ಪಕ್ಕದಲ್ಲಿ ಕುಳಿತದ್ದೇ ಹೆಚ್ಚು. ಊರು ಅವರನ್ನು ಬ್ರೇಕ್ ಮೇಷ್ಟ್ರು ಎಂದು ಕರೆಯಿತು. ಹೆಸರಿಗೆ ಕಾರಣ ಅವರ ಕಾರು. ಅದರಲ್ಲಿ ಪಕ್ಕದ ಸೀಟಿನವರ ಕಾಲಿನ ಬಳಿಯೂ ಒಂದು ಬ್ರೇಕ್ ಪೆಡಲ್ ಇತ್ತು. ಅದನ್ನು ಚಾಲಕನ ಬ್ರೇಕಿಗೆ ಕೂಡಿಸುವ ಕಬ್ಬಿಣದ ಸಲಾಕೆಯೊಂದು ಕಾರಿನ ನೆಲದಡಿ ಹಾದುಹೋಗಿತ್ತು. ಕಲಿಯುವವನು ಕಂಗಾಲಾಗಿ ಕಾಲೆಲ್ಲಿಡಬೇಕೆಂದು ಮರೆತರೆ ಮೇಷ್ಟ್ರು ತಮ್ಮ ಕಡೆಯಿಂದ ಒತ್ತುತ್ತಿದ್ದರು; ಕಾರು ನಿಲ್ಲುತ್ತಿತ್ತು. ಒಂದು ಸಾವಿರದ ನೂರಾ ಹದಿನೆಂಟು ಜನ ಅವರ ಬಳಿ ಕಲಿತರು. ಅಷ್ಟೂ ಜನ ಕಲಿಯುವಾಗ ಒಂದು ನಾಯಿಗೂ ಗಾಯವಾಗಲಿಲ್ಲ. ಇದು ಹೊಗಳಿಕೆಯ ಮಾತಲ್ಲ. ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು.

ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಣ್ಣಿನ ಡಾಕ್ಟರು ಸರ್ಟಿಫಿಕೇಟಿಗೆ ಸಹಿ ಹಾಕಲಾರೆ ಎಂದಾಗ, ಮೇಷ್ಟ್ರು ತಕರಾರೆತ್ತದೆ ಲೈಸೆನ್ಸ್ ಹಿಂದಿರುಗಿಸಿದರು. ಅಂದಿನಿಂದ ಕಾರು ಮಗಳ ಕೈಗೆ ಬಂತು. ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ದಿನವೂ ಬೆಳಿಗ್ಗೆ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕುಳಿತು ಅವಳನ್ನು ಆಸ್ಪತ್ರೆಗೆ ‘ಬಿಟ್ಟು’, ತಾವು ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು.

“ಓಡಿಸೋಳು ಅವಳು, ಬಿಟ್ಟು ಬರೋರು ನೀವು. ಚೆನ್ನಾಗಿದೆ ರೀ ನಿಮ್ಮ ಉದ್ಯೋಗ,” ಎಂದು ಹೆಂಡತಿ ನಗುತ್ತಿದ್ದರು.

“ಬ್ರೇಕ್ ನನ್ನ ಕಾಲಡಿ ಇದೆ ಕಣೇ,” ಎನ್ನುತ್ತಿದ್ದರು ಮೇಷ್ಟ್ರು. ಅಷ್ಟು ಸಾಕಿತ್ತು ಅವರಿಗೆ.

ಆ ವಿಷಯದಲ್ಲಿ ತಂದೆ-ಮಗಳಿಗೆ ಜಗಳವಾದದ್ದು ಒಂದೇ ಸಲ. ಸೇತುವೆಯ ರಸ್ತೆಯಲ್ಲಿ ಮೇಷ್ಟ್ರು ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದರು. ಹಿಂದಿದ್ದ ಲಾರಿ ಕಿರುಚಿಕೊಂಡು ನಿಂತಿತು. ಕೆಂಪು ಸೈಕಲ್ಲೊಂದು ಅಡ್ಡ ಬಂತು ಎಂದರು ಮೇಷ್ಟ್ರು. ಸೈಕಲ್ಲೂ ಇರಲಿಲ್ಲ, ಸವಾರನೂ ಇರಲಿಲ್ಲ, ಮರದ ನೆರಳಿತ್ತು ಎಂದಳು ಮಗಳು. ಒಂದು ವಾರ ವಾದ ನಡೆಯಿತು. ಕೊನೆಗೊಂದು ಸಂಜೆ ಅವಳು, “ಆಯ್ತಪ್ಪಾ, ಸೈಕಲ್ ಇತ್ತು,” ಎಂದುಬಿಟ್ಟಳು. ಮೇಷ್ಟ್ರು ಅದನ್ನು ಗೆಲುವೆಂದೇ ಎಣಿಸಿದರು.

ಇಪ್ಪತ್ತೆರಡು ವರ್ಷ ಓಡಿದ ಆ ಕಾರು ಕಳೆದ ತಿಂಗಳು ಏರಿನಲ್ಲಿ ಹೊಗೆಯುಗುಳಿ ನಿಂತಿತು. ಎಳೆಸಿಕೊಂಡು ಗ್ಯಾರೇಜಿಗೆ ತಂದರು. ಅಲ್ಲಿನ ಮೆಕ್ಯಾನಿಕ್ ಮೇಷ್ಟ್ರ ಹಳೆಯ ಶಿಷ್ಯ. ಪಟ್ಟಿಯಲ್ಲಿ ಆರುನೂರ ನಾಲ್ಕನೆಯವನು. ನಾಲ್ಕು ದಿನ ಬಿಟ್ಟು ತಂದೆ-ಮಗಳನ್ನು ಕರೆಸಿ, ಎಂಜಿನ್ನಿನ ತಲೆಯಲ್ಲಿ ಬಿರುಕು, ಕ್ಲಚ್ ಸುಟ್ಟಿದೆ, ಗೇರ್ ಬಾಕ್ಸ್ ಸವೆದಿದೆ, ನೆಲವನ್ನು ತುಕ್ಕು ತಿಂದಿದೆ ಎಂದು ಒಂದೊಂದಾಗಿ ಓದಿದ.

“ಮೂಗಿಗಿಂತ ಮೂಗುತಿ ಭಾರ, ಮೇಷ್ಟ್ರೇ. ಗುಜರಿಗೆ ಕೊಟ್ಬಿಡಿ.”

“ಭಾರ ಹೊರೋನು ನಾನು ತಾನೆ? ಹೊಸ ಕಾರಲ್ಲಿ ಎರಡನೇ ಬ್ರೇಕ್ ಇರತ್ತಾ, ಹೇಳು.”

“ಎಲ್ಲಿರತ್ತೆ?”

“ಮತ್ತೆ? ರಿಪೇರಿನೇ ಆಗ್ಲಿ.”

ಮಗಳು ಮೆಲ್ಲಗೆ, “ಅಪ್ಪಾ, ನಂಗೀಗ ನಲವತ್ಮೂರು. ಲೈಸೆನ್ಸ್ ಸಿಕ್ಕೇ ಹತ್ತೊಂಬತ್ತು ವರ್ಷ ಆಯ್ತು,” ಎಂದಳು.

“ಓಡಿಸು, ಬೇಡ ಅಂದೋರ್ಯಾರು? ದಿನಕ್ಕೆ ನಾಲ್ಕು ಸಲನಾದ್ರೂ ನಾನು ಒತ್ತಿದೀನಿ. ಒತ್ತದೇ ಇದ್ದಿದ್ರೆ ಏನಾಗ್ತಿತ್ತು, ಯೋಚನೆ ಮಾಡಿದೀಯಾ?”

 ಮೇಷ್ಟ್ರು ಭೂತಕನ್ನಡಿ ತೆಗೆದು ರಿಪೇರಿಯ ಪಟ್ಟಿಯನ್ನು ತಾವೇ ಓದಿದರು. ಹನ್ನೊಂದು ಬಾಬತ್ತುಗಳು. ತಮ್ಮ ಬ್ರೇಕಿನ ಸುದ್ದಿಯೇ ಇಲ್ಲ.

“ಎರಡನೇ ಬ್ರೇಕ್ ನೋಡಿಲ್ಲ ನೀನು.”

“ಅದು... ಸರಿಯಾಗೇ ಇದೆ, ಮೇಷ್ಟ್ರೇ.”

“ನೋಡದೆ ಸರಿಯಿದೆ ಅನ್ನೋದಕ್ಕೆ ಸುಳ್ಳು ಅಂತಾರೆ. ಎತ್ತಯ್ಯಾ ಕಾರನ್ನ.”

ಮೆಕ್ಯಾನಿಕ್ ಮಗಳ ಮುಖ ನೋಡಿದ. ಅವಳು ನೆಲ ನೋಡಿದಳು. ಲಿಫ್ಟು ಗೊಣಗುತ್ತಾ ಮೇಲೇರಿತು. ಮೇಷ್ಟ್ರು ಕಾರಿನಡಿ ಹೋಗಿ ನಿಂತರು. ಕಣ್ಣು ಸಾಲದಾಯಿತು, ಕೈ ಚಾಚಿ ತಡವಿದರು. ಸಲಾಕೆ ಇರಬೇಕಾದಲ್ಲಿ ಬರಿಯ ತುಕ್ಕು. ಪೆಡಲ್ ಕೆಳಗಿಳಿಯುವ ಜಾಗದಲ್ಲಿ ಮಾತ್ರ ಬೆರಳಿಗೆ ಏನೋ ಸಿಕ್ಕಿತು. ಅದುಮಿದರು. ಅದು ಮರಳಿ ಬೆರಳನ್ನು ಒತ್ತಿತು. ಒಂದು ಸ್ಪ್ರಿಂಗು. ಇಷ್ಟು ದಿನ ತಮ್ಮ ಅಂಗಾಲಿಗೆ ಎದುರೊತ್ತಿ, ಕಾರನ್ನು ಹಿಡಿದು ನಿಲ್ಲಿಸುತ್ತಿದ್ದೇನೆಂಬ ಭರವಸೆ ಕೊಟ್ಟದ್ದು ಅದೇ ಎಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಯಾವಾಗ?”

“ಆ ಸೈಕಲ್ ಆದ್ಮೇಲೆ,” ಎಂದ ಮೆಕ್ಯಾನಿಕ್. “ಅಕ್ಕ ಬಂದು ಹೇಳಿದ್ರು. ಸಲಾಕೆ ತೆಗೆದೆ. ಪೆಡಲ್ ಸಡಿಲ ಇದ್ರೆ ನಿಮಗೆ ಗೊತ್ತಾಗತ್ತೆ ಅಂತ...”

“ಲಾರಿ ಒಂದು ಗೇಣು ದೂರದಲ್ಲಿ ನಿಂತಿತ್ತಪ್ಪಾ,” ಎಂದಳು ಮಗಳು. “ಹಿಂದಿನ ಸೀಟಲ್ಲಿ ಅಮ್ಮ ಇದ್ಲು.”

“ನಾನು ಒತ್ತಿದಾಗ ಕಾರು ನಿಧಾನ ಆಗ್ತಿತ್ತಲ್ಲ?”

“ನಿಮ್ಮ ಮಂಡಿ ಅಲುಗಿದ್ರೆ ನಾನು ಒತ್ತುತ್ತಿದ್ದೆ.” ತಂದೆಯ ಮಗಳಾದ್ದರಿಂದ ಪೂರ್ತಿ ನಿಜವನ್ನೇ ಹೇಳಿದಳು: “ಹಿಂದೆ ಗಾಡಿ ಇಲ್ದಿದ್ರೆ.”

ಇಂಥದ್ದಕ್ಕೆ ಪ್ರೀತಿ ಎಂದು ಹೆಸರಿಡುವುದು ಈಗಿನ ರೂಢಿ. ಲೈಸೆನ್ಸ್ ಕೊಡಿ ಎಂದಾಗ ಕೊಟ್ಟ ಮನುಷ್ಯ, ಕಾಲು ತೆಗೆಯಿರಿ ಎಂದಿದ್ದರೆ ತೆಗೆಯುತ್ತಿರಲಿಲ್ಲವೇ? ಸೈಕಲ್ಲಿಗಾಗಿ ಒಂದು ವಾರ ವಾದಿಸಿದ್ದು ನಿಜ. ಇನ್ನೊಂದು ವಾರ ವಾದಿಸಿ ಸೋಲಿಸಬಹುದಿತ್ತು. ಸೋಲಿಗೂ ಒಂದು ಮರ್ಯಾದೆಯಿದೆ. ಅದನ್ನು ಬಿಟ್ಟು, ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟಂತೆ, ಎಪ್ಪತ್ತು ದಾಟಿದವರ ಕಾಲಿಗೆ ಸ್ಪ್ರಿಂಗ್ ಕೊಟ್ಟಿದ್ದರು. ಅದೂ ಯಾರು? ಅವರ ಬಳಿಯೇ ಕಾರು ಕಲಿತ ಇಬ್ಬರು.

ಮಗಳು ಹತ್ತಿರ ಬಂದಳು. “ರಿಪೇರಿನೇ ಮಾಡಿಸೋಣಪ್ಪಾ. ಸಲಾಕೆನೂ ಹಾಕಿಸೋಣ.”

“ಬಿಸಾಕಿಲ್ಲ, ಮೇಷ್ಟ್ರೇ. ಅಟ್ಟದ ಮೇಲೆ ಎಣ್ಣೆ ಸವರಿ ಇಟ್ಟಿದೀನಿ,” ಎಂದ ಮೆಕ್ಯಾನಿಕ್.

“ಹಾಕಿಸಿದ್ಮೇಲೆ, ಅದು ಇದೆ ಅಂತ ನೀವು ಹೇಳೋದನ್ನ ನಂಬಬೇಕಲ್ಲ?” ಮೇಷ್ಟ್ರು ಕೈಗೆ ಹತ್ತಿದ ತುಕ್ಕನ್ನು ಚಿಂದಿಯಿಂದ ಒರೆಸಿಕೊಂಡರು. “ಗುಜರಿಗೆ ಹಾಕು. ಕಾಗದ ತಾ.”

ಗುಜರಿಯ ಅರ್ಜಿಯಲ್ಲಿ ಕಾರಿನ ವಿವರವನ್ನು ಮೆಕ್ಯಾನಿಕ್ ನೋಂದಣಿ ಪುಸ್ತಕ ನೋಡಿ ತುಂಬಿದ್ದ: ಬ್ರೇಕ್ ಪೆಡಲ್, ಎರಡು. ಮೇಷ್ಟ್ರು ಭೂತಕನ್ನಡಿ ಹಿಡಿದು ‘ಎರಡು’ ಎಂಬುದನ್ನು ಹೊಡೆದುಹಾಕಿ, ‘ಒಂದು’ ಎಂದು ಬರೆದು, ತಿದ್ದುಪಡಿಯ ಪಕ್ಕದಲ್ಲೊಂದು, ಕೊನೆಯಲ್ಲೊಂದು ಸಹಿ ಹಾಕಿದರು.

ಬಸ್ಸಿನಲ್ಲಿ ಮನೆಗೆ ಬಂದರು. ಮಗಳ ಪಕ್ಕದ ಸೀಟು ಖಾಲಿಯಿದ್ದರೂ ಮೇಷ್ಟ್ರು ನಿಂತೇ ಬಂದರು.

ಹೆಂಡತಿ ಕಿಟಕಿಯ ಬಳಿ ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಮೇಷ್ಟ್ರು ಎದುರಿನ ಕುರ್ಚಿಯಲ್ಲಿ ಕುಳಿತರು.

“ನಿನಗೂ ಗೊತ್ತಿತ್ತಾ?”

ಏನು ಎಂದು ಅವರು ಕೇಳಲಿಲ್ಲ. ದಾರ ಕಡಿದು, ಸೂಜಿಯನ್ನು ಉಂಡೆಗೆ ಚುಚ್ಚಿಟ್ಟರು.

“ಯಾರೂ ಹೇಳ್ಲಿಲ್ಲ. ಪೇಟೆಗೆ ಹೋಗೋವಾಗೆಲ್ಲ ಹಿಂದೆ ಕೂರೋಳು ನಾನು, ಇಬ್ಬರ ಮಂಡಿನೂ ಕಾಣ್ತಿತ್ತಲ್ಲ. ಮೊದಲು ನಿಮ್ಮದು ಅಲುಗೋದು, ಆಮೇಲೆ ಅವಳದು.”

“ಯಾವಾಗ್ಲೂ ಹಾಗೇನಾ?”

ಹೆಂಡತಿ ಅಂಗಿಯನ್ನು ಮಡಚತೊಡಗಿದರು. ತೋಳು ಸರಿಯಾಗಿ ಕೂರಲಿಲ್ಲವೆಂದು ಬಿಡಿಸಿ ಮತ್ತೆ ಮಡಚಿದರು.

“ಮೊದಮೊದಲು ಹಾಗೆ,” ಎಂದರು. “ಈಚೆಗೆ ಅವಳದೇ ಮೊದಲು, ಆಮೇಲೆ ನಿಮ್ಮದು.”

ಮೇಷ್ಟ್ರು ಎರಡೂ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು.